ಖಾರ್‌ಘರ್ ಕಣಿವೆಯಲ್ಲಿ ಗಾಲ್ಫ್

ಮುಂಬಯಿ ಕನ್ನಡಿಗ ಅಂದ ಕೂಡಲೇ ಊರಿನವರಿಗೆ ನೆನಪಾಗುವ ಚಿತ್ರಗಳು ಕೆಲವೇ. ಉಡುಪಿ ಹೋಟೆಲು, ಲೋಕಲ್ ಟ್ರೇನು, ಕೋಟೆ ಭಾಗದ ರಾತ್ರಿ ಶಾಲೆ, ಸಂಘದ ವಾರ್ಷಿಕೋತ್ಸವ, ಮಳೆಗಾಲದಲ್ಲಿ ಬರುವ ಯಕ್ಷಗಾನ ಮೇಳ. ಗಾಲ್ಫ್ ಅಂತೂ ಈ ಪಟ್ಟಿಯಲ್ಲಿ ಖಂಡಿತ ಇಲ್ಲ. ಆದ್ದರಿಂದ ನಿವೃತ್ತಿಯ ನಂತರ ನಾನು ಗಾಲ್ಫ್ ಆಡಲು ಹೋಗುತ್ತೇನೆ ಎಂದು ಊರಿನಲ್ಲಿ ಬಾಯಿಬಿಟ್ಟರೆ ಜನ ನಗುತ್ತಾರೆ. "ಭಾವ, ನೀವು ಸಾಹುಕಾರ ಆದದ್ದು ಯಾವಾಗ? ನಮಗೆ ಗೊತ್ತೇ ಆಗಲಿಲ್ಲವಲ್ಲ" ಎಂದು ಕೇಳಿದವರೂ ಇದ್ದಾರೆ. ಸಾಹುಕಾರ ಆಗಿಲ್ಲ. ಬ್ಯಾಂಕಿನ ಪಿಂಚಣಿಯಲ್ಲಿ ಬದುಕುವವನು ನಾನು. ಆದರೆ ನಾನಿರುವ ಊರಿನಲ್ಲಿ ಸದಸ್ಯತ್ವದ ಹಂಗಿಲ್ಲದೆ, ಅಂದಂದಿನ ಶುಲ್ಕ ಕಟ್ಟಿ ಯಾರು ಬೇಕಾದರೂ ಆಡಬಹುದಾದ ಒಂದು ಗಾಲ್ಫ್ ಮೈದಾನ ಇದೆ. ಅದೂ ಎಂಥ ಜಾಗದಲ್ಲಿ ಅಂತೀರಿ! ಮೂರು ಕಡೆ ಗುಡ್ಡ, ಗುಡ್ಡದ ಮೇಲೆ ಕಾಡು, ಮಳೆ ಹಿಡಿದರೆ ಬಂಡೆಯ ಮೈತುಂಬ ಬಿಳಿ ನೂಲಿನಂಥ ನೀರು. ಆ ಮೈದಾನದ ಕಥೆ ಹೇಳಲು ಹೊರಟರೆ ಅದು ಬರೀ ಆಟದ ಕಥೆಯಾಗಿ ಉಳಿಯುವುದಿಲ್ಲ. ಈ ನೆಲದ ಕಥೆಯಾಗುತ್ತದೆ, ಸ್ವಲ್ಪ ಮಟ್ಟಿಗೆ ನಮ್ಮ ಊರಿನ ನೆಲದ ಕಥೆಯೂ ಆಗುತ್ತದೆ.

ಮೊದಲು ಜಾಗ ಎಲ್ಲಿ ಎಂದು ಹೇಳಿಬಿಡುತ್ತೇನೆ. ಮುಂಬಯಿಯಿಂದ ವಾಶಿ ಖಾರಿ ದಾಟಿ, ನೆರೂಳ್, ಬೇಲಾಪುರ ಕಳೆದು ಪನ್ವೇಲ್ ಕಡೆ ಹೋಗುವಾಗ ಎಡಗಡೆಗೆ ಸಿಗುವ ಊರು ಖಾರ್‌ಘರ್. ಅಲ್ಲಿನ ಬೆಟ್ಟಸಾಲಿನ ತಪ್ಪಲಿನಲ್ಲಿ ಪಾಂಡವಕಡಾ ಎಂಬ ಜಲಪಾತ ಇದೆ. ಎತ್ತರ ಸುಮಾರು 107 ಮೀಟರು. ವನವಾಸದಲ್ಲಿದ್ದ ಪಾಂಡವರು ಇಲ್ಲಿ ಸ್ನಾನ ಮಾಡಿದರಂತೆ. ನಮ್ಮ ಪಾಂಡವರು ಸ್ನಾನ ಮಾಡದ ಜಲಪಾತ, ಮಲಗದ ಗುಹೆ ಈ ದೇಶದಲ್ಲಿ ಎಲ್ಲಾದರೂ ಇದೆಯೇ, ಇರಲಿ. ಆ ಜಲಪಾತದ ಕೆಳಗಿನ ಕಣಿವೆಯಲ್ಲಿ ನೂರು ಹೆಕ್ಟೇರಿನಷ್ಟು ಜಾಗದಲ್ಲಿ ಸಿಡ್ಕೋ ಸಂಸ್ಥೆ ಕಟ್ಟಿದ್ದೇ ಖಾರ್‌ಘರ್ ವ್ಯಾಲಿ ಗಾಲ್ಫ್ ಕೋರ್ಸ್. 2012ರಲ್ಲಿ ತೆರೆಯಿತು. ತೆರೆದಾಗ 18 ಕುಳಿ ಪೂರ್ತಿ ಇರಲಿಲ್ಲ. ಆಮೇಲೆ ಹಿಗ್ಗಿಸುವ ಕೆಲಸವನ್ನು ಕೈಗೆತ್ತಿಕೊಂಡರು. ನೂರು ಹೆಕ್ಟೇರು ಅಂದರೆ ಇನ್ನೂರೈವತ್ತು ಎಕರೆ. ನಮ್ಮ ಕಡೆ ಎರಡು ಎಕರೆ ಅಡಿಕೆ ತೋಟ ಇದ್ದವನು ಮಗಳ ಮದುವೆ ಮಾಡಿ, ಮಗನನ್ನು ಓದಿಸಿ, ಮೀಸೆ ತಿರುವಿಕೊಂಡು ಓಡಾಡುತ್ತಾನೆ. ಅಂಥ ನೂರಿಪ್ಪತ್ತೈದು ತೋಟಗಳನ್ನು ಒಟ್ಟಿಗೆ ಹಾಸಿದರೆ ಎಷ್ಟಾಗುತ್ತದೋ ಅಷ್ಟು ಹುಲ್ಲುಗಾವಲು ಅದು.

ನಾನು ಮುಂಬಯಿಗೆ ಬಂದದ್ದು 1981ರಲ್ಲಿ. ಕೆಲಸ ಕೋಟೆ ಭಾಗದಲ್ಲಿ, ಇರುವುದು ಡೊಂಬಿವಲಿಯಲ್ಲಿ. ಆಗ ಹೆಚ್ಚಿನ ನಮ್ಮವರ ದಾರಿಯೇ ಅದಾಗಿತ್ತು. ಗಿರ್ಗಾಂವ್, ಮಾಟುಂಗಾದಲ್ಲಿ ಕೋಣೆ ಸಿಗುತ್ತಿರಲಿಲ್ಲ, ಸಿಕ್ಕರೆ ಪಗಡಿ ಕೊಡುವ ಶಕ್ತಿ ಇರುತ್ತಿರಲಿಲ್ಲ. ಹಾಗಾಗಿ ಠಾಣೆ ದಾಟಿ ಡೊಂಬಿವಲಿ, ಅಲ್ಲೂ ಹೊಂದದಿದ್ದರೆ ಕಲ್ಯಾಣ್. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿತಲ್ಲ, ಮರುವರ್ಷ ಅದೇ ಹಳಿ ಕಲ್ಯಾಣ್ ಮುಟ್ಟಿತು. ಆ ಹಳಿಯ ಮೇಲೆ ನೇತಾಡಿಕೊಂಡೇ ನಮ್ಮ ತಲೆಮಾರಿನ ಆಯುಷ್ಯದ ಒಂದು ಪಾಲು ಕಳೆಯಿತು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಶಾಲೆಗಳು ಎದ್ದದ್ದು ಹೀಗೆ ಬಂದು ನೆಲೆಸಿದವರ ಬೆನ್ನಿಗೆ. ರೈಲು ಮುಂಬ್ರಾ ಹತ್ತಿರ ಪಾರ್ಸಿಕ್ ಗುಡ್ಡದ ಸುರಂಗದೊಳಗೆ ನುಗ್ಗುವಾಗ, ಆ ಗುಡ್ಡದ ಆಚೆ ಬದಿಯಲ್ಲಿ ಏನಿದೆ ಎಂದು ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು? ಆಚೆ ಬದಿಯಲ್ಲಿ ಒಂದು ಹೊಸ ಶಹರವೇ ಹುಟ್ಟುತ್ತಿತ್ತು.

ಆ ಶಹರದ ಕಲ್ಪನೆ ಹಳೆಯದು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹ್ತಾ, ಇಂಜಿನಿಯರ್ ಶಿರೀಷ್ ಪಟೇಲ್ ಮೂವರೂ ಸೇರಿ 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಅದನ್ನು ಮುಂದಿಟ್ಟರು. ಮುಂಬಯಿ ಉತ್ತರಕ್ಕೆ ಉದ್ದುದ್ದ ಬೆಳೆಯುತ್ತಿದೆ, ಜನ ಬೆಳಿಗ್ಗೆ ದಕ್ಷಿಣಕ್ಕೆ ಸಂಜೆ ಉತ್ತರಕ್ಕೆ ನುಗ್ಗುತ್ತಾರೆ, ಇದು ನಡೆಯುವುದಲ್ಲ, ಖಾರಿಯ ಪೂರ್ವ ದಡದಲ್ಲಿ ಸರಿಸಮನಾದ ಇನ್ನೊಂದು ನಗರ ಬೇಕು ಎನ್ನುವುದು ಅವರ ವಾದ. 1970ರ ಮಾರ್ಚ್ 17ರಂದು ಮಹಾರಾಷ್ಟ್ರ ಸರಕಾರ ಸಿಡ್ಕೋ ಸ್ಥಾಪಿಸಿತು. ಠಾಣೆ ಮತ್ತು ಆಗ ಕೊಲಾಬಾ ಎನ್ನುತ್ತಿದ್ದ ಈಗಿನ ರಾಯಗಡ ಜಿಲ್ಲೆಗಳ 95 ಹಳ್ಳಿ, 344 ಚದರ ಕಿಲೋಮೀಟರು ಈ ಯೋಜನೆಯ ವ್ಯಾಪ್ತಿಗೆ ಬಂತು. ನೆಲವನ್ನೆಲ್ಲ ಸರಕಾರವೇ ಕೊಂಡು, ರಸ್ತೆ ನೀರು ಚರಂಡಿ ಮಾಡಿ, ನಿವೇಶನ ಮಾರಿ, ಬಂದ ದುಡ್ಡಿನಲ್ಲೇ ಮುಂದಿನ ನಗರ ಕಟ್ಟುವುದು. ಲೆಕ್ಕ ಚೊಕ್ಕವಾಗಿತ್ತು. ಆದರೆ ಆ ನೆಲ ಖಾಲಿ ಇರಲಿಲ್ಲ. ಅಲ್ಲಿ ಆಗ್ರಿ ಮತ್ತು ಕೋಳಿ ಜನ ಭತ್ತ ಬೆಳೆಯುತ್ತಿದ್ದರು, ಉಪ್ಪು ತೆಗೆಯುತ್ತಿದ್ದರು, ಖಾರಿಯಲ್ಲಿ ಮೀನು ಹಿಡಿಯುತ್ತಿದ್ದರು.

ಇಲ್ಲಿ ನನಗೆ ಒಂದು ವಿಷಯ ಯಾವಾಗಲೂ ಚುಚ್ಚುತ್ತದೆ. ಅದೇ ವರ್ಷಗಳಲ್ಲಿ ನಮ್ಮ ಕರ್ನಾಟಕದಲ್ಲಿ ಏನಾಗುತ್ತಿತ್ತು? ದೇವರಾಜ ಅರಸರ ಸರಕಾರ ತಂದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಒಡೆಯ. ಗೇಣಿ ಒಕ್ಕಲಾಗಿದ್ದ ನನ್ನ ತಂದೆ ಡಿಕ್ಲರೇಶನ್ ಕೊಟ್ಟರು. ನ್ಯಾಯಮಂಡಳಿಯ ಮುಂದೆ ನಾಲ್ಕಾರು ಸಲ ನಿಂತು, ಕೊನೆಗೊಂದು ದಿನ ಒಂದು ಎಕರೆ ಎಂಬತ್ತು ಸೆಂಟ್ಸು ಗದ್ದೆ ನಮ್ಮ ಹೆಸರಿಗಾಯಿತು. ಆ ಗದ್ದೆಯ ಧೈರ್ಯದ ಮೇಲೆ ನಾನು ಕಾಲೇಜು ಮುಗಿಸಿದೆ, ಮುಂಬಯಿ ಬಸ್ಸು ಹತ್ತಿದೆ. ಊರಿನಲ್ಲಿ ನಮಗೆ ಹೊಸದಾಗಿ ನೆಲ ಸಿಗುತ್ತಿದ್ದ ಅದೇ ಹೊತ್ತಿಗೆ ಇಲ್ಲಿ ನಮ್ಮಂಥದೇ ರೈತರ ಕೈಯಿಂದ ನೆಲ ಜಾರುತ್ತಿತ್ತು. ಪರಿಹಾರ ಸಾಲದು, ಬೆಳೆದ ನಗರದಲ್ಲಿ ನಮಗೂ ಪಾಲು ಬೇಕು ಎಂದು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಅವರು ಎದ್ದು ನಿಂತರು. 1984ರ ಜನವರಿಯಲ್ಲಿ ಉರಣ್ ತಾಲೂಕಿನಲ್ಲಿ ಪೊಲೀಸರು ಗೋಲಿಬಾರ್ ಮಾಡಿದಾಗ ಐವರು ಸತ್ತರು. ಆ ಸಾವಿನ ಬೆಲೆಯಾಗಿಯೇ ಮುಂದೆ ಹನ್ನೆರಡೂವರೆ ಶೇಕಡಾ ಯೋಜನೆ ಬಂತು. ಅಂದರೆ ವಶಪಡಿಸಿಕೊಂಡ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ಒಡೆಯನಿಗೆ ಹಿಂದಿರುಗಿಸುವುದು. ಡೊಂಬಿವಲಿಯ ಕೋಣೆ ಬಿಟ್ಟು 2004ರಲ್ಲಿ ನಾನು ಖಾರ್‌ಘರ್‌ನಲ್ಲಿ ಕೊಂಡ ಫ್ಲ್ಯಾಟು ಇಂಥದೇ ಒಂದು ನಿವೇಶನದ ಮೇಲೆ ಎದ್ದ ಕಟ್ಟಡದಲ್ಲಿದೆ. ಆ ನಿವೇಶನದ ಮೂಲದ ರೈತ ಮನೆತನದವರು ಈಗಲೂ ಹತ್ತಿರದ ಹಳೆ ಹಳ್ಳಿಯಲ್ಲೇ ಇದ್ದಾರೆ. ಗಣಪತಿ ಹಬ್ಬಕ್ಕೆ ಕರೆಯುತ್ತಾರೆ, ಹೋಗುತ್ತೇವೆ.

ಈಗ ಗಾಲ್ಫಿಗೆ ಬರೋಣ. ಈ ಆಟಕ್ಕೆ ನಮ್ಮಲ್ಲಿ ಸಾಹೇಬರ ಆಟ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕಲ್ಕತ್ತೆಯ ಕ್ಲಬ್ಬು 1829ರದು. ಬ್ರಿಟನ್ನಿನ ಹೊರಗೆ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ಬು ಇಲ್ಲ. ಬೆಂಗಳೂರಿನದು 1876ರದು. ಕೋಲಾರದ ಚಿನ್ನದ ಗಣಿಯಲ್ಲೂ ಕ್ಲಬ್ಬು ಇತ್ತು, ಗಾಲ್ಫ್ ಮೈದಾನ ಇತ್ತು. ಕೆಳಗೆ ಸುರಂಗದಲ್ಲಿ ಕೂಲಿಗಳು, ಮೇಲೆ ಬಯಲಿನಲ್ಲಿ ದೊರೆಗಳು. ಮುಂಬಯಿಯ ಚೆಂಬೂರಿನಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಹುಟ್ಟಿದ್ದು 1927ರಲ್ಲಿ. ಇವೆಲ್ಲ ಸದಸ್ಯರ ಕ್ಲಬ್ಬುಗಳು. ಚೆಂಬೂರಿನ ಕ್ಲಬ್ಬಿನಲ್ಲಿ ಸಾಹೇಬರ ಚೀಲ ಹೊರುವ ಕ್ಯಾಡಿ ಹುಡುಗರು ಸಂಜೆ ತಮ್ಮ ಝೋಪಡಪಟ್ಟಿಯ ಗಲ್ಲಿಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ, ಪ್ಲಾಸ್ಟಿಕ್ ಚೆಂಡು ಇಟ್ಟು ತಮ್ಮದೇ ಗಾಲ್ಫ್ ಆಡುತ್ತಿದ್ದರು. ಛಾವಣಿ, ಗಟಾರ, ಮೋರಿಯೇ ಅವರ ಅಡ್ಡಿಗಳು. ಆ ಆಟ ಪರದೇಶದ ಫೋಟೋಗ್ರಾಫರುಗಳನ್ನೂ ಎಳೆದು ತಂದಿತ್ತು.

ಆದರೆ ಈ ಆಟದ ತವರಾದ ಸ್ಕಾಟ್‌ಲೆಂಡಿನಲ್ಲಿ ಕಥೆ ಬೇರೆ. 1457ರಲ್ಲಿ ಅಲ್ಲಿನ ರಾಜ ಎರಡನೇ ಜೇಮ್ಸ್ ಗಾಲ್ಫನ್ನೇ ನಿಷೇಧಿಸಿದ್ದ. ಯಾಕೆಂದರೆ ಸಾಮಾನ್ಯ ಜನ ಬಿಲ್ವಿದ್ಯೆ ಕಲಿಯುವುದು ಬಿಟ್ಟು ಇದರ ಹುಚ್ಚು ಹಿಡಿಸಿಕೊಂಡಿದ್ದರು. ಸಾಮಾನ್ಯ ಜನ, ನೆನಪಿಡಿ. ಸೇಂಟ್ ಆಂಡ್ರೂಸ್ ಎಂಬ ಊರಿನ ಹಳೆಯ ಮೈದಾನ ಸಮುದ್ರದ ಬದಿಯ ಮರಳು ಹುಲ್ಲುಗಾವಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗೋಮಾಳ. ಜನ ಅಲ್ಲಿ ಕುರಿ ಮೇಯಿಸುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ನಡುವೆ ಗಾಲ್ಫೂ ಆಡುತ್ತಿದ್ದರು. ನಡುವೆ ಖಾಸಗಿಯವರ ಕೈಗೆ ಹೋದ ಆ ನೆಲವನ್ನು 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಊರು ವಾಪಸು ಪಡೆಯಿತು. ಇವತ್ತಿಗೂ ಅಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ. ಅಂದು ಊರಿನವರು ಮಕ್ಕಳು ನಾಯಿಗಳೊಂದಿಗೆ ಆ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಮೈದಾನ ವಾರಕ್ಕೊಂದು ದಿನ ಊರಿನ ಮೈದಾನವಾಗಿಬಿಡುತ್ತದೆ. ಇಲ್ಲಿಗೆ ಹಡಗಿನಲ್ಲಿ ಬರುವಾಗ ಸಾಹೇಬರು ಆಟ ತಂದರು, ಗೋಮಾಳವನ್ನು ಅಲ್ಲೇ ಬಿಟ್ಟು ಬಂದರು.

ಹಾಗಾಗಿ ಖಾರ್‌ಘರ್‌ನ ಮೈದಾನದ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿದ್ದು ಅದು ಸರಕಾರಿ ಸಂಸ್ಥೆ ಕಟ್ಟಿದ್ದು, ಸಾರ್ವಜನಿಕ ಎನ್ನುವ ಮಾತಿನಿಂದ. ನೋಡೇಬಿಡೋಣ ಎಂದು ಹೋದೆ. ಕರೆದುಕೊಂಡು ಹೋದವರು ನಮ್ಮ ಕಟ್ಟಡದಲ್ಲೇ ಇರುವ ಧಾರವಾಡದ ಕಡೆಯ ಸ್ನೇಹಿತರು. ಕೋಲುಗಳ ಚೀಲ ಅವರದೇ. "ಇದು ಚಿನ್ನಿದಾಂಡು ಇದ್ದಂಗ ನೋಡ್ರಿ. ಗಿಲ್ಲಿ ಮಾತ್ರ ದುಂಡಗ ಐತಿ. ಸಿಟ್ಟು ಮಾಡಬ್ಯಾಡ್ರಿ, ಅಷ್ಟ ಸಾಕು" ಎಂದರು. ನಮ್ಮ ಕಡೆ ಅದಕ್ಕೆ ಕುಟ್ಟಿದೊಣ್ಣೆ ಅಂತೇವೆ. ಹೆಸರು ಏನೇ ಇರಲಿ, ಕುಟ್ಟಿದೊಣ್ಣೆಯಲ್ಲಿ ಪಳಗಿದ ಕೈಗೆ ಗಾಲ್ಫ್ ಕೋಲು ಬೇಗ ಒಲಿಯುವುದಿಲ್ಲ. ಅಲ್ಲಿ ಮಣಿಕಟ್ಟಿನ ಚುರುಕು, ಇಲ್ಲಿ ಸೊಂಟದ ತಾಳ್ಮೆ. ದೂರ ಹೊಡೆಯಲು ಡ್ರೈವರ್ ಎಂಬ ಬುರುಡೆ ಕೋಲು, ನಡುವಿನ ದೂರಕ್ಕೆ ಕಬ್ಬಿಣದ ಕೋಲುಗಳು, ಕೊನೆಗೆ ಕುಳಿಯ ಹತ್ತಿರ ಮೆತ್ತಗೆ ತಳ್ಳಲು ಪಟ್ಟರ್. ಒಂದೊಂದು ಕುಳಿಗೂ ಇಷ್ಟು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕ ಇದೆ, ಅದಕ್ಕೆ ಪಾರ್ ಅನ್ನುತ್ತಾರೆ. ನಾನು ಪಾರ್ ಮುಟ್ಟಿದ ದಿನಗಳನ್ನು ಒಂದು ಕೈಬೆರಳಲ್ಲೇ ಎಣಿಸಬಹುದು.

ಆದರೂ ಹೋಗುತ್ತೇನೆ. ಹೋಗಲು ಕಾರಣ ಆಟಕ್ಕಿಂತ ಹೆಚ್ಚಾಗಿ ಆ ಕಣಿವೆ. ಜುಲೈ ತಿಂಗಳ ಒಂದು ಬೆಳಿಗ್ಗೆಯನ್ನು ಕಲ್ಪಿಸಿಕೊಳ್ಳಿ. ರಾತ್ರಿಯಿಡೀ ಸುರಿದ ಮಳೆ ಸ್ವಲ್ಪ ಬಿಟ್ಟಿದೆ. ಗುಡ್ಡದ ಅರ್ಧಕ್ಕೆ ಮೋಡ ಇಳಿದಿದೆ. ಮತ್ತಿ, ತೇಗ, ಮುತ್ತುಗದ ಎಲೆಗಳು ನೀರು ಹನಿಸುತ್ತಿವೆ. ಪಾಂಡವಕಡಾದ ಮೊರೆತ ದೂರದಿಂದಲೇ ಕೇಳುತ್ತದೆ. ಚೆಂಡು ಹೊಡೆದರೆ ಒದ್ದೆ ಹುಲ್ಲಿನಲ್ಲಿ ಉರುಳುವುದಿಲ್ಲ, ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಟಿಟ್ಟಿಭ ಹಕ್ಕಿ ಮೊಟ್ಟೆಯ ಭಯಕ್ಕೆ ತಲೆಯ ಮೇಲೆ ಕಿರುಚಾಡುತ್ತದೆ. ನನಗೆ ಕುದುರೆಮುಖದ ತಪ್ಪಲು ನೆನಪಾಗುತ್ತದೆ. ನಲವತ್ತು ವರ್ಷ ಪ್ಲಾಟ್‌ಫಾರಮ್ಮಿನ ಕಾಂಕ್ರೀಟಿನ ಮೇಲೆ ನಡೆದ ಕಾಲಿಗೆ ಎರಡು ತಾಸು ಹುಲ್ಲಿನ ಮೇಲೆ ನಡೆಯುವುದು ಅಂದರೆ ಏನೆಂದು ಊರಿನಲ್ಲೇ ಇದ್ದವರಿಗೆ ಹೇಳಿದರೆ ಅರ್ಥ ಆಗುವುದು ಕಷ್ಟ. ಏಪ್ರಿಲ್, ಮೇ ತಿಂಗಳಿನಲ್ಲಿ ಅದೇ ಕಣಿವೆ ಬೇರೆಯೇ. ಗುಡ್ಡ ಬೋಳಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಕರಿಗಲ್ಲಿನ ಝಳ ಮುಖಕ್ಕೆ ಹೊಡೆಯುತ್ತದೆ, ಮೈದಾನ ಒಂದೇ ಹಸಿರು.

ಆ ಹಸಿರು ತಾನಾಗಿ ಉಳಿಯುವುದಲ್ಲ. ಹುಲ್ಲು ಕತ್ತರಿಸುವ, ನೀರು ಬಿಡುವ ಕೆಲಸದವರ ಒಂದು ಗುಂಪಿನಲ್ಲಿ ಒಂದು ದಿನ ಕನ್ನಡ ಕೇಳಿಸಿತು. ನಿಂತು ಮಾತಾಡಿಸಿದೆ.

"ಯಾವ ಕಡೆಯವರು ನೀವು?"

"ಯಾದಗಿರಿ ಕಡೆಯವರ್ರೀ. ನೀವು ಕನ್ನಡದವರೇನ್ರೀ?"

"ಹೌದು, ಉಡುಪಿ ಹತ್ತಿರ. ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು?"

"ನಾ ಇಲ್ಲೇ ಹುಟ್ಟೀನ್ರೀ. ನಮ್ಮಪ್ಪ ಬಂದಿದ್ದ, ಬರಗಾಲದಾಗ. ಖಡಿ ಒಡ್ಯಾಕ."

ಬರಗಾಲ ಅಂದರೆ 1972ರ ಬರ. ಆಗ ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳಿಂದ ಗುಳೆ ಎದ್ದ ಜನ ಈ ಗುಡ್ಡಗಳ ಕಲ್ಲುಗಣಿಗಳಿಗೆ, ರಸ್ತೆ ಕೆಲಸಗಳಿಗೆ ಬಂದು ಸೇರಿದರು. ನವಿ ಮುಂಬಯಿಯ ರಸ್ತೆ, ಸೇತುವೆ, ಕಟ್ಟಡಗಳ ಒಳಗೆ ಇರುವ ಜಲ್ಲಿ ಈ ಪಾರ್ಸಿಕ್ ಸಾಲಿನ ಕಲ್ಲು. ಅದನ್ನು ಒಡೆದ ಕೈಗಳಲ್ಲಿ ಎಷ್ಟೋ ಕನ್ನಡದ ಕೈಗಳು. ಮುಂಬಯಿ ಕನ್ನಡಿಗರ ಇತಿಹಾಸ ಬರೆಯುವಾಗ ನಾವು ಹೋಟೆಲು ಕಟ್ಟಿದವರನ್ನು, ಬ್ಯಾಂಕು ಸೇರಿದವರನ್ನು, ಸಂಘ ಸ್ಥಾಪಿಸಿದವರನ್ನು ಬರೆಯುತ್ತೇವೆ. ಅವರ ಫೋಟೋ ಸಂಘದ ಗೋಡೆಯ ಮೇಲೆ ಇದೆ. ಖಡಿ ಒಡೆದವರ ಹೆಸರು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಅಪರೂಪ. ಅವರು ಸಂಘಕ್ಕೆ ಬರಲಿಲ್ಲ ಎನ್ನುತ್ತೇವೆ, ಕರೆದವರು ಎಷ್ಟು ಜನ ಎಂಬುದನ್ನೂ ಕೇಳಿಕೊಳ್ಳಬೇಕು.

"ಈ ಆಟ ಹೇಗನ್ನಿಸುತ್ತದೆ ನಿಮಗೆ?" ಎಂದು ಕೇಳಿದೆ. ಆತ ನಕ್ಕು ಹೇಳಿದ್ದು ಇಷ್ಟು: "ಆಟದ ಸುದ್ದಿ ನಿಮಗ ಗೊತ್ತರೀ ಸರ. ಹುಲ್ಲು ಬೆಳಸ್ತಾರ, ಕೊಯ್ತಾರ, ಮತ್ತ ಬೆಳಸ್ತಾರ. ಎಮ್ಮಿಗೆ ಮಾತ್ರ ಹಾಕಂಗಿಲ್ಲ. ಅದೊಂದು ತಿಳೀವಲ್ದು ನೋಡ್ರಿ."

ಹುಲ್ಲಿನ ಮಾತು ಬಂದಾಗ ಗುಡ್ಡದ ಮೇಲಿನವರನ್ನೂ ನೆನೆಯಬೇಕು. ಖಾರ್‌ಘರ್ ಬೆಟ್ಟದ ಮೇಲೆ ಫಣಸವಾಡಿ, ಚಾಫೇವಾಡಿ ಎಂಬ ಆದಿವಾಸಿ ಪಾಡಾಗಳಿವೆ. ಫಣಸ್ ಅಂದರೆ ಹಲಸು, ಚಾಫಾ ಅಂದರೆ ಸಂಪಿಗೆ. ನಮ್ಮಲ್ಲಿ ಹಲಸಿನಹಳ್ಳಿ, ಸಂಪಿಗೆಕಟ್ಟೆ ಇದ್ದ ಹಾಗೆ. ಮಳೆಗಾಲದಲ್ಲಿ ಆ ಪಾಡಾಗಳ ಹೆಂಗಸರು ಕಾಡಿನ ಸೊಪ್ಪು, ಕಳಲೆ ತಂದು ಕೆಳಗೆ ರಸ್ತೆ ಬದಿಯಲ್ಲಿ ಮಾರುತ್ತಾರೆ. ಕಳಲೆ ಕಂಡರೆ ನಮ್ಮ ಮನೆಯವಳು ಬಿಡುವುದಿಲ್ಲ. ಗುಡ್ಡದ ಮೇಲಿಂದ ನೋಡುವಾಗ ಕೆಳಗಿನ ಹಸಿರು ಹಾಸು ಅವರಿಗೆ ಹೇಗೆ ಕಾಣುತ್ತದೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗಾಲ್ಫ್ ಬೇಡವೇ ಬೇಡ ಎನ್ನುವ ವಾದ ನನ್ನದಲ್ಲ. ಈ ಕಣಿವೆಯಲ್ಲಿ ಮೈದಾನ ಇಲ್ಲದೆ ಹೋಗಿದ್ದರೆ ಕಾಡೇ ಉಳಿಯುತ್ತಿತ್ತು ಎಂದು ನಂಬುವಷ್ಟು ಮುಗ್ಧನೂ ನಾನಲ್ಲ. ಸುತ್ತ ಮುತ್ತ ಬಹುಮಹಡಿ ಕಟ್ಟಡಗಳು ಏಳುತ್ತಿರುವ ವೇಗ ನೋಡಿದರೆ ಉತ್ತರ ಗೊತ್ತಾಗುತ್ತದೆ. ಆದರೆ ಎಲ್ಲ ಜಾಗಕ್ಕೂ ಒಂದೇ ಲೆಕ್ಕ ಸಲ್ಲದು. ನೆರೂಳಿನ ಖಾರಿಯ ಬದಿಯ ಜವುಗು ನೆಲದಲ್ಲಿ, ರಾಜಹಂಸಗಳು ಬಂದಿಳಿಯುವ ಪ್ರದೇಶದಲ್ಲಿ ಇನ್ನೊಂದು ಗಾಲ್ಫ್ ಮೈದಾನದ ಯೋಜನೆ ಬಂದಾಗ ನಾಗರಿಕರು ನ್ಯಾಯಾಲಯಕ್ಕೆ ಹೋದರು. 2018ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಆ ಯೋಜನೆಯನ್ನು ತಳ್ಳಿಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹುಲ್ಲು ಹಾಸಿದ್ದೆಲ್ಲ ಪರಿಸರ ಅಲ್ಲ ಎಂಬುದನ್ನು ಈ ಊರಿನ ಜನ ಕಲಿತದ್ದು ಆ ಪ್ರಕರಣದಿಂದ.

ಇತ್ತ ಆಟವೂ ನಿಧಾನಕ್ಕೆ ಸಾಹೇಬರ ಕೈ ಬಿಟ್ಟು ಹೊರಬರುತ್ತಿದೆ. ಬಿಡದಿ ಹತ್ತಿರ ಗಾಲ್ಫ್ ರೆಸಾರ್ಟಿನ ಪಕ್ಕದಲ್ಲಿ ಬಡ ಮನೆಯಲ್ಲಿ ಬೆಳೆದ ಚಿಕ್ಕರಂಗಪ್ಪ ದೇಶದ ವೃತ್ತಿಪರ ಆಟಗಾರರ ಮುಂಚೂಣಿಗೆ ಬಂದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಅಂದು ಬೆಳಿಗ್ಗೆ ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ನಮ್ಮ ಕಟ್ಟಡದ ಹೆಂಗಸರೆಲ್ಲ ಟಿ.ವಿ. ಮುಂದೆ ಕೂತಿದ್ದರು. ಆಕೆಗೆ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

2023ರ ನವೆಂಬರಿನಿಂದ ಬೇಲಾಪುರ–ಪೇಂಢರ್ ಮೆಟ್ರೊ ಓಡುತ್ತಿದೆ. ಉಲವೆಯ ಗುಡ್ಡ ಕಡಿದು, ನದಿಯ ಹರಿವನ್ನೇ ತಿರುಗಿಸಿ ಕಟ್ಟಿದ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ಅದಕ್ಕೆ ದಿ. ಬಾ. ಪಾಟೀಲರ ಹೆಸರೇ ಆಗಬೇಕೆಂದು ಇಲ್ಲಿನ ಹಳ್ಳಿಗಳ ಜನ ದೊಡ್ಡ ಮೆರವಣಿಗೆಗಳನ್ನೇ ತೆಗೆದರು. ಇನ್ನು ಈ ಕಣಿವೆಯ ಒಂದೊಂದು ಅಡಿಗೂ ಬೆಲೆ ಏರುತ್ತದೆ. ಇನ್ನೂರೈವತ್ತು ಎಕರೆ ಹಸಿರಿನ ಮೇಲೆ ಎಷ್ಟು ಕಣ್ಣು ಬೀಳಬಹುದು ಎಂದು ಲೆಕ್ಕ ಹಾಕಲು ಬ್ಯಾಂಕಿನ ಅನುಭವ ಬೇಕಿಲ್ಲ. ಅದನ್ನು ಉಳಿಸಿಕೊಳ್ಳುವ ದಾರಿ ಒಂದೇ: ಅದು ತಮ್ಮದು ಎಂದು ಹೇಳುವ ಜನ ಹೆಚ್ಚಾಗಬೇಕು. ಕೋಲು ಹಿಡಿದವರಷ್ಟೇ ಹೇಳಿದರೆ ಸಾಲದು.

ಅದಕ್ಕೇ ನಮ್ಮ ಹಿರಿಯ ನಾಗರಿಕರ ಕೂಟದಲ್ಲಿ ನಾನೊಂದು ಮಾತು ಎತ್ತಿದ್ದೇನೆ. ಸೇಂಟ್ ಆಂಡ್ರೂಸಿನವರು ಮಾಡುವ ಹಾಗೆ ಇಲ್ಲೂ ವಾರದಲ್ಲಿ ಒಂದು ಬೆಳಿಗ್ಗೆ ಆಟ ನಿಲ್ಲಿಸಿ, ಚೆಂಡು ಕೋಲು ಇಲ್ಲದವರಿಗೂ ಗೇಟು ತೆಗೆಯಬೇಕು. ಫಣಸವಾಡಿಯ ಮಕ್ಕಳು, ಹಳೆ ಹಳ್ಳಿಯ ಆಗ್ರಿ ಅಜ್ಜಂದಿರು, ಖಡಿ ಒಡೆದವರ ಮೊಮ್ಮಕ್ಕಳು, ಎಲ್ಲರೂ ಅಲ್ಲಿ ನಡೆದಾಡಲಿ. ಮರಾಠಿಯಲ್ಲಿ ಒಂದು ಅರ್ಜಿ ಬರೆದಾಗಿದೆ. ಧಾರವಾಡದ ಸ್ನೇಹಿತರು ಮೊದಲ ಸಹಿ ಹಾಕಿದ್ದಾರೆ, ಹುಲ್ಲು ಕತ್ತರಿಸುವ ಯಾದಗಿರಿಯ ಆತ ತನ್ನ ಎಮ್ಮೆಗೂ ಅರ್ಧ ದಿನ ಬಿಡುತ್ತಾರೋ ಕೇಳಿ ಎಂದಿದ್ದಾನೆ. ಸಹಿಗಳ ಸಂಖ್ಯೆ ಇನ್ನೂ ನೂರು ಮುಟ್ಟಿಲ್ಲ.